ಮಡಿಕೇರಿಯ ಮಳೆಗೆ ಡ್ಯಾಫ್ನೆ ಉಳಿಯುತ್ತದೆಯೇ? ಸಸಿ ಮಾಡುವುದು ಹೇಗೆ?

ಡ್ಯಾಫ್ನೆ ಘಮದ ಹೂ ಬಿಡುವ ಪೊದೆಗಿಡ, ಇಲ್ಲಿನ ಚಳಿ ಇದಕ್ಕೆ ಒಗ್ಗುತ್ತದೆ. ಆದರೆ ಬುಡದಲ್ಲಿ ಮಳೆನೀರು ನಿಂತರೆ ಬೇರು ಕೊಳೆತು ಗಿಡ ದಿಢೀರನೆ ಬಾಡುತ್ತದೆ. ಹಾಗಾಗಿ ಕುಂಡವೇ ವಾಸಿ: ತೋಟದ ಮಣ್ಣು, ದಪ್ಪ ಮರಳು, ಎಲೆಗೊಬ್ಬರ ಸಮಪಾಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನಡಿ ಇಡಿ. ಬೆಳಗಿನ ಬಿಸಿಲು ಸಾಕು.

ಹೂ ಮುಗಿದ ಮೇಲೆ ಬಂದ ಚಿಗುರು ಬಲಿಯಲಿ. ಬುಡ ಗಟ್ಟಿಯಾಗಿ ತುದಿ ಇನ್ನೂ ಬಾಗುವಂತಿರುವಾಗ, ಗೆಣ್ಣಿನ ಕೆಳಗೆ 10 ಸೆಂ.ಮೀ. ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬೇರು ಬರಿಸುವ ಪುಡಿಗೆ ಅದ್ದಿ, ಮರಳು ಬೆರೆಸಿದ ಕೊಕೊಪಿಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಡಿ. ಎಲ್ಲವೂ ಹಿಡಿಯುವುದಿಲ್ಲ, ನಾಲ್ಕೈದು ಹೆಚ್ಚೇ ಹಾಕಿ. ತಗ್ಗಿನ ಕೊಂಬೆಯಿದ್ದರೆ ಕತ್ತರಿಸದೆ ತೊಗಟೆ ತುಸು ಕೆತ್ತಿ, ನೆಲಕ್ಕೆ ಬಾಗಿಸಿ, ಮಣ್ಣು ಮುಚ್ಚಿ ಕಲ್ಲು ಹೇರುವುದು ಇನ್ನೂ ಭರವಸೆಯ ದಾರಿ. ಬೇರು ಬಿಡಲು ವರ್ಷ ಹಿಡಿದೀತು ಅಷ್ಟೇ. ಬೇರು ಕದಲಿದರೆ ಮುನಿಸಿಕೊಳ್ಳುವ ಗಿಡ, ಪದೇಪದೇ ಕುಂಡ ಬದಲಿಸಬೇಡಿ. ಇಡೀ ಗಿಡ ವಿಷ, ಹಣ್ಣೂ ಸೇರಿ. ರಸ ತಾಗಿದರೆ ಚರ್ಮ ಉರಿಯುತ್ತದೆ, ಕೈಗವಸು ಹಾಕಿಕೊಳ್ಳಿ.