ಪೆನ್‌ಡ್ರೈವ್ ಫೈಲ್ ತೆಗೆದುಕೊಳ್ಳದಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಳ್ಳಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಅಂಗಡಿಯ 16 ಜಿಬಿ ಪೆನ್‌ಡ್ರೈವ್‌ನಲ್ಲಿರುವ ಫೈಲುಗಳು ತೆರೆಯುತ್ತವೆ, ಪ್ರಿಂಟೂ ಬರುತ್ತವೆ. ಆದರೆ ಹೊಸದನ್ನು ಹಾಕಲು, ಹಳೆಯದನ್ನು ಅಳಿಸಲು ಆಗುತ್ತಿಲ್ಲ. ‘ದಿ ಡಿಸ್ಕ್ ಈಸ್ ರೈಟ್ ಪ್ರೊಟೆಕ್ಟೆಡ್’ ಎನ್ನುತ್ತದೆ. ಫಾರ್ಮ್ಯಾಟ್ ಕೊಟ್ಟರೂ ಅದೇ ಉತ್ತರ. ಡ್ರೈವ್ ಮೇಲೆ ಲಾಕ್ ಬಟನ್ ಇಲ್ಲ.

ಉತ್ತರ: ಫಾರ್ಮ್ಯಾಟ್ ಸಾಹಸ ಸದ್ಯಕ್ಕೆ ನಿಲ್ಲಿಸಿ. ಫೈಲುಗಳು ತೆರೆಯುತ್ತಿರುವಾಗಲೇ ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಈ ಸ್ಥಿತಿಗೆ ಬಂದ ಡ್ರೈವ್ ನಾಳೆಯೂ ತೆರೆಯುತ್ತದೆಂದು ನಂಬುವಂತಿಲ್ಲ.

ಬಳಿಕ ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಫೈಲ್ ಹೋದರೆ ತೊಂದರೆ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ರೆಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ಬದಲಿಸುವ ಪ್ರೋಗ್ರಾಮ್) ತೆರೆದು ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್ ಹೀಗೆ ಒಳಗೆ ಹೋಗಿ. ಅಲ್ಲಿ ‘ಸ್ಟೋರೇಜ್ ಡಿವೈಸ್ ಪಾಲಿಸೀಸ್’ ಇದ್ದು, ಅದರೊಳಗೆ ‘ರೈಟ್ ಪ್ರೊಟೆಕ್ಟ್’ 1 ಆಗಿದ್ದರೆ 0 ಮಾಡಿ ರೀಸ್ಟಾರ್ಟ್ ಕೊಡಿ. ಆ ಹೆಸರೇ ಕಾಣದಿದ್ದರೆ ಗಾಬರಿ ಬೇಡ, ಮನೆ-ಅಂಗಡಿಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಎರಡೂ ಕಡೆ ಹೋಗದಿದ್ದರೆ ಕಮಾಂಡ್ ಪ್ರಾಂಪ್ಟನ್ನು (ಕಮಾಂಡ್‌ಗಳನ್ನು ಟೈಪ್ ಮಾಡುವ ವಿಂಡೋಸ್ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’, ನಂತರ ‘ಲಿಸ್ಟ್ ಡಿಸ್ಕ್’ ಟೈಪ್ ಮಾಡಿ (ಇಂಗ್ಲಿಷ್ ಅಕ್ಷರಗಳಲ್ಲೇ). ನಿಮ್ಮ ಡ್ರೈವ್ 14 ಜಿಬಿ ಆಸುಪಾಸು ತೋರಿಸುತ್ತದೆ. ಅಳತೆ ನೋಡಿಯೇ ನಂಬರ್ ಆರಿಸಿ. ಇಲ್ಲಿ ತಪ್ಪಿದರೆ ಮುಂದಿನ ಕಮಾಂಡ್ ಹಾರ್ಡ್‌ಡಿಸ್ಕ್ ಮೇಲೆ ಬೀಳುತ್ತದೆ. ಅದು 1 ಆಗಿದ್ದರೆ ‘ಸೆಲೆಕ್ಟ್ ಡಿಸ್ಕ್ 1’, ಆಮೇಲೆ ‘ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’. ಕೊನೆಗೆ ಬರೀ ‘ಆಟ್ರಿಬ್ಯೂಟ್ಸ್ ಡಿಸ್ಕ್’ ಕೊಟ್ಟು ಫಲಿತಾಂಶ ಓದಿ. ‘ರೀಡ್‌ಓನ್ಲಿ’ ಎದುರು ‘ನೋ’ ಇದ್ದು, ‘ಕರೆಂಟ್ ರೀಡ್‌ಓನ್ಲಿ ಸ್ಟೇಟ್’ ಎದುರು ಇನ್ನೂ ‘ಯೆಸ್’ ಇದ್ದರೆ ಬೀಗ ಹಾಕಿರುವುದು ವಿಂಡೋಸ್ ಅಲ್ಲ, ಪೆನ್‌ಡ್ರೈವಿನ ಒಳಗೆ ಓದು-ಬರಹವನ್ನು ನಿಯಂತ್ರಿಸುವ ಕಂಟ್ರೋಲರ್ ಚಿಪ್.

ಪೆನ್‌ಡ್ರೈವ್ ಡೇಟಾ ಇಡುವ ಫ್ಲ್ಯಾಶ್ ಮೆಮೊರಿಯಲ್ಲಿ ಅಳಿಸಿ ಬರೆದಷ್ಟೂ ಸೆಲ್‌ಗಳು ಸವೆಯುತ್ತವೆ. ಸವೆದ ಬ್ಲಾಕ್‌ಗಳ (ಸೆಲ್‌ಗಳ ಗುಂಪುಗಳ) ಜಾಗಕ್ಕೆ ಬಳಸಲೆಂದು ಮೆಮೊರಿ ಚಿಪ್‌ನಲ್ಲಿ ಕೆಲವು ಬ್ಲಾಕ್‌ಗಳು ಮೀಸಲಿರುತ್ತವೆ. ಅವೂ ಮುಗಿದಾಗ ಎಷ್ಟೋ ಕಂಟ್ರೋಲರ್‌ಗಳು ಬರೆಯುವುದನ್ನೇ ನಿಲ್ಲಿಸಿ, ಇದ್ದದ್ದು ಉಳಿಯಲಿ ಎಂದು ಓದುವುದಕ್ಕೆ ಮಾತ್ರ ಬಿಡುತ್ತವೆ. ‘ಪೆನ್‌ಡ್ರೈವ್ ರಿಪೇರಿ’ ಎಂಬ ಉಚಿತ ಸಾಫ್ಟ್‌ವೇರುಗಳಿಂದ ಇದು ಸರಿಹೋಗುವುದಿಲ್ಲ. ಕಾರ್ಖಾನೆಯ ಟೂಲ್‌ನಿಂದ ಕೆಲವೊಮ್ಮೆ ಬೀಗ ತೆಗೆಯಬಹುದಾದರೂ ಸವೆದ ಚಿಪ್ ಸವೆದದ್ದೇ. ಹೊಸದು ಕೊಳ್ಳಿ. ಹಳೆಯದನ್ನು ಹಾಗೇ ಕಸಕ್ಕೆ ಎಸೆಯಬೇಡಿ: ಗಿರಾಕಿಗಳ ಆಧಾರ್, ಪಹಣಿ ಪ್ರತಿಗಳೆಲ್ಲ ಅಳಿಸಲಾಗದೆ ಅದರಲ್ಲೇ ಕೂತಿವೆ. ಕವಚ ಬಿಚ್ಚಿ, ಒಳಗಿನ ಕಪ್ಪು ಮೆಮೊರಿ ಚಿಪ್ಪನ್ನೇ ಒಡೆದುಹಾಕಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಫೋಟೊ ಸ್ಟುಡಿಯೊ. 32 ಜಿಬಿ ಡ್ರೈವ್ ಪೂರ್ತಿ ಖಾಲಿ ಇದ್ದರೂ 6 ಜಿಬಿಯ ಮದುವೆ ವಿಡಿಯೊ ಹಾಕಲು ಹೋದರೆ ಫೈಲ್ ದೊಡ್ಡದಾಯಿತು ಎನ್ನುತ್ತದೆ.

ಉತ್ತರ: ಡ್ರೈವ್ ಚೆನ್ನಾಗಿಯೇ ಇದೆ. ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಹೋಗುತ್ತದೆ. ಆದರೆ ಗಿರಾಕಿಯ ಮನೆಯ ಹಳೆ ಟಿವಿ ಎಕ್ಸ್‌ಫ್ಯಾಟ್ ಓದದಿರಬಹುದು. ಹಾಗಾಗಿ ಕೊಡುವ ಪ್ರತಿಗೆ ಫ್ಯಾಟ್32 ಇರಲಿ, ಆರತಕ್ಷತೆ ಒಂದು, ಧಾರೆ ಒಂದು ಎಂದು ವಿಡಿಯೊವನ್ನೇ ತುಂಡು ಮಾಡಿ ಎಕ್ಸ್‌ಪೋರ್ಟ್ ಮಾಡುವುದು ಒಳ್ಳೆಯದು.

ಪ್ರಶ್ನೆ: ದುಗ್ಗಮ್ಮನ ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 1 ಟಿಬಿ ಪೆನ್‌ಡ್ರೈವ್ ತಂದೆ. ಕಾಪಿ ಆಗುತ್ತದೆ, ಹೆಸರುಗಳೂ ಕಾಣುತ್ತವೆ, ಆದರೆ ಆಮೇಲೆ ಹಾಕಿದ ಹಾಡುಗಳು ಯಾವುವೂ ಓಡುವುದಿಲ್ಲ.

ಉತ್ತರ: ಒಳಗಿರುವುದು ಬಹುಶಃ 16 ಅಥವಾ 32 ಜಿಬಿ ಚಿಪ್ ಇರಬೇಕು. ಕಂಟ್ರೋಲರ್‌ಗೆ 1 ಟಿಬಿ ಎಂದು ಸುಳ್ಳು ಹೇಳಿಸಿದ್ದಾರೆ. ಫೈಲುಗಳ ಹೆಸರಿನ ಪಟ್ಟಿ ಚಿಪ್‌ನ ಆರಂಭದಲ್ಲೇ ಇರುವುದರಿಂದ ಹೆಸರು ಕಾಣುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದ ಡೇಟಾ ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಬೀಳುತ್ತದೆ. ಡ್ರೈವ್ ಖಾಲಿ ಮಾಡಿ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ಪ್ರೋಗ್ರಾಮ್ ಓಡಿಸಿ. ಅದು ಗೊತ್ತಿರುವ ಡೇಟಾವನ್ನು ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಪೂರ್ತಿ 1 ಟಿಬಿಗೆ ಕಾಯಬೇಕಿಲ್ಲ, ಮೊದಲು 65,536 ಎಂಬಿ ಎಂದು ಕೊಟ್ಟು ನೋಡಿ. ಲಿನಕ್ಸ್ ಇದ್ದವರಿಗೆ ಇದೇ ಕೆಲಸಕ್ಕೆ ‘ಎಫ್3’ ಇದೆ.