"ಪ್ರಾರ್ಥನಿ ಮಾಡಿದ್ರ ನೀ ನಡೀತಿ" ಅಂದಿದ್ಲು: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ. ಎರಡೂ ಮನೆಯವರನ್ನ ಕೇಳಿನೇ ಬರೀತಿರೋದು.)

ಹುಬ್ಬಳ್ಳಿ ಕಡೆ ಕುಟುಂಬ. ಹುಡುಗಿಗೆ ಗ್ರೇಸ್ ಅಂತ ಕರೆಯೋಣ, 9 ವರ್ಷ. ಮನೆಯವರು ಮೂರು ತಲೆಮಾರಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಅಂದ್ರೆ ಪ್ರೊಟೆಸ್ಟಂಟ್ ಕ್ರೈಸ್ತರು. ಪಕ್ಕದ ಮನೆ ಹುಡುಗ ವಿನಾಯಕ, ಅವಳ ಕ್ಲಾಸ್‌ಮೇಟು, ಅವರ ಮನೆಯವರು ಸಿದ್ಧಾರೂಢ ಮಠಕ್ಕೆ ನಡ್ಕೊಳ್ಳೋರು. ವಿನಾಯಕನಿಗೆ ಸೆರೆಬ್ರಲ್ ಪಾಲ್ಸಿ, ಕಾಲಿಗೆ ಸ್ಪ್ಲಿಂಟು ಹಾಕ್ಕೊಂಡು ವಾಕರ್ ಹಿಡ್ಕೊಂಡು ನಡೀತಾನೆ, ಮಾತು ಸ್ವಲ್ಪ ಎಳೆದು ಎಳೆದು ಬರುತ್ತೆ, ಆದ್ರೆ ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು. ಇಬ್ರೂ ಅಂಗನವಾಡಿಯಿಂದ ಗೆಳೆಯರು.

ಗ್ರೇಸ್ ತಾಯಿ ನನ್ನ ಹತ್ರ ಬಂದಾಗ ಹೇಳಿದ್ದು ಇಷ್ಟೇ: "ಮೇಡಂ, ಇಕಿ ಊಟಾನ ಸರಿಯಾಗಿ ಮಾಡವಲ್ಲಳ್ರಿ, ರಾತ್ರಿ ಎದ್ದು ಅಳ್ತಾಳ, ಸಂಡೇ ಸ್ಕೂಲಿಗೆ ಹೋಗು ಅಂದ್ರ ಹೊಟ್ಟಿ ನೋವು ಅಂತಾಳ." ಆಮೇಲೆ ಒಂದೊಂದಾಗಿ ಹೊರಗೆ ಬಂತು. ಬೇಸಿಗೆ ರಜೇಲಿ ಚರ್ಚಿನವರು ಮಕ್ಕಳಿಗೆ ನಡೆಸೋ ವಿಬಿಎಸ್‌ನಲ್ಲಿ (ವೆಕೇಷನ್ ಬೈಬಲ್ ಸ್ಕೂಲ್) ಟೀಚರ್ ಒಂದು ಚಾರ್ಟ್ ಹಾಕಿದ್ರಂತೆ, ಯಾರು ಒಬ್ಬ ಫ್ರೆಂಡಿಗೆ ಯೇಸುವಿನ ಬಗ್ಗೆ ಹೇಳ್ತಾರೋ ಅವರಿಗೆ ಒಂದು ಸ್ಟಾರು, ಫ್ರೆಂಡನ್ನ ಕರ್ಕೊಂಡು ಬಂದ್ರೆ ಎರಡು. ಅದೇ ವಾರ ಪಾಠ ಬೈಬಲಿನ ಮಾರ್ಕ 2ನೇ ಅಧ್ಯಾಯ, ನಾಲ್ಕು ಜನ ಸೇರಿ ಪಾರ್ಶ್ವವಾಯು ರೋಗಿನ ಹಾಸಿಗೆ ಸಮೇತ ಮಾಳಿಗೆಯಿಂದ ಯೇಸುವಿನ ಮುಂದೆ ಕೆಳಗಿಳಿಸಿದ್ದು, ಅವನು ವಾಸಿಯಾಗಿ ಎದ್ದು ನಡೆದ ಕಥೆ. ಗ್ರೇಸ್‌ಗೆ ಇನ್ನೇನು ಬೇಕು, ಪಕ್ಕದ ಮನೇಲೇ ಇದಾನಲ್ಲ! ದಿನಾ ಸಂಜೆ ನೀರಿನ ಟಾಕಿ ಹಿಂದೆ ಕೂತು ಅವನ ಕಾಲ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡಿದ್ಲು, "ನಂಬಿಕಿ ಇಟ್ರ ನೀ ನಡೀತಿ, ಆದ್ರ ಮನ್ಯಾಗ ಹೇಳಬ್ಯಾಡ" ಅಂತ. ಅವನೂ ನಂಬಿದ. ಒಂದು ದಿನ ಸ್ಪ್ಲಿಂಟ್ ಬಿಚ್ಚಿಟ್ಟು, ವಾಕರ್ ದೂರ ತಳ್ಳಿ ಎದ್ದು ನಿಂತ, ಬಿದ್ದ, ಗದ್ದಕ್ಕೆ ಹೊಲಿಗೆ ಬಿತ್ತು.

ವಿನಾಯಕನ ತಾಯಿ ಇವರ ಬಾಗಿಲಿಗೆ ಬಂದು ಕೇಳಿದ್ದು: "ಅಕ್ಕಾರ, ನನ್ ಮಗಗ ಇಲ್ಲದ ಆಸೆ ಯಾಕ ಹಚ್ಚಿದ್ರಿ?" ಅವನ ತಂದೆ ಇನ್ನೊಂದು ಮಾತು ಸೇರಿಸಿದ್ರು, ಮತಾಂತರ ಮಾಡ್ಸಾಕತ್ತೀರೇನು ಅಂತ. ಅಲ್ಲಿಗೆ ಗ್ರೇಸ್ ಮನೆಯವರಿಗೆ ಕೈಕಾಲು ತಣ್ಣಗಾಯ್ತು. 2022ರಲ್ಲಿ ರಾಜ್ಯದಲ್ಲಿ ಬಂದ ಕಾನೂನಲ್ಲಿ ಅಪ್ರಾಪ್ತರನ್ನ ಒತ್ತಾಯ, ಆಮಿಷದಿಂದ ಮತಾಂತರ ಮಾಡಿದ್ರೆ 3ರಿಂದ 10 ವರ್ಷ ಶಿಕ್ಷೆ ಅಂತ ಇತ್ತು, 2023ರ ಜೂನ್‌ನಲ್ಲಿ ಸರ್ಕಾರದ ಕ್ಯಾಬಿನೆಟ್ ಅದನ್ನ ತೆಗೀತೀವಿ ಅಂತ ತೀರ್ಮಾನ ಮಾಡಿದ್ರೂ ಆ ಭಯ ನಮ್ಮ ಜನರ ಮನಸ್ಸಿಂದ ಹೋಗಿಲ್ಲ. ಅದಕ್ಕೇ ಗ್ರೇಸ್ ತಂದೆ ಮಗಳಿಗೆ "ಇನ್ನ ಆ ಹುಡುಗನ ಜೊತಿ ಮಾತಾಡಬ್ಯಾಡ" ಅಂದುಬಿಟ್ರು. ಭಯ ಅರ್ಥ ಆಗುತ್ತೆ, ಆದ್ರೆ ಈ ಜಾಗದಲ್ಲಿ ಅದು ಬಹಳ ಕೆಟ್ಟ ಸಲಹೆ. ಒಬ್ಬನೇ ಗೆಳೆಯ ಬಿದ್ದು ಗಾಯ ಮಾಡ್ಕೊಂಡಿದಾನೆ, ಅವತ್ತಿಂದಾನೇ ಇವಳು ಮಾಯ ಆದ್ರೆ ಅವನು ಏನಂದ್ಕೋಬೇಕು?

ಗ್ರೇಸ್ ಜೊತೆ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡಿದೆ. ತುಂಬಾ ಹೊತ್ತು ಬಣ್ಣ ಹಚ್ತಾ ಕೂತಿದ್ಲು, ಆಮೇಲೆ ತಲೆ ಎತ್ತದೇ ಕೇಳಿದ್ಲು, "ಆಂಟಿ, ನನ್ ನಂಬಿಕಿ ಕಡಿಮಿ ಬಿತ್ತೇನ್ರಿ? ಅದಕ್ಕ ಅವ ಬಿದ್ನೇನು?" ನೋಡಿ, ಮಗು ಒಳಗೆ ಕೊರೀತಿದ್ದಿದ್ದು ಇದು. ಅಪ್ಪ ಬೈದಿದ್ದಲ್ಲ, ಪಕ್ಕದ ಮನೆ ಜಗಳಾನೂ ಅಲ್ಲ. ವಾಸಿಯಾಗದಿದ್ರೆ ಯಾರದೋ ನಂಬಿಕೆ ಸಾಲ್ಲಿಲ್ಲ ಅಂತ ದೊಡ್ಡೋರು ಸ್ಟೇಜ್ ಮೇಲೆ ಸಲೀಸಾಗಿ ಹೇಳಿಬಿಡ್ತಾರೆ, ಅದು ಇಂಥ ಮಕ್ಕಳ ಹೊಟ್ಟೇಲಿ ಹೋಗಿ ಕೂತ್ಕೊಳ್ಳುತ್ತೆ.

ನಾನೂ ಕ್ರೈಸ್ತಳೇ, ಹಾಗಾಗಿ ಅವಳ ಬೈಬಲಿಂದಾನೇ ಮಾತಾಡೋಕೆ ನಂಗೆ ಸಂಕೋಚ ಇರಲಿಲ್ಲ. ಯೋಹಾನ 9ರಲ್ಲಿ ಹುಟ್ಟು ಕುರುಡನ್ನ ನೋಡಿ ಶಿಷ್ಯರು ಇದು ಯಾರ ಪಾಪ, ಇವನದ್ದಾ ಇವನ ತಂದೆತಾಯಿದಾ ಅಂತ ಕೇಳ್ತಾರೆ, ಯೇಸು ಇಬ್ಬರದ್ದೂ ಅಲ್ಲ ಅಂತಾರೆ. ಅಪೊಸ್ತಲ ಪೌಲ ತನ್ನ ಶರೀರದಲ್ಲಿದ್ದ ಮುಳ್ಳು ತೆಗಿ ಅಂತ ಮೂರು ಸಲ ಬೇಡ್ಕೊಂಡ್ರೂ ಅದು ಹೋಗಲಿಲ್ಲ, ಪೌಲನಿಗೆ ನಂಬಿಕೆ ಕಡಿಮೆ ಅಂತ ಯಾರಾದ್ರೂ ಹೇಳ್ತಾರಾ? ಆಮೇಲೆ ಮೆಫೀಬೋಶೆತನ ಕಥೆ ಓದಿಸಿದೆ, 2 ಸಮುವೇಲ 9. ದಾವೀದನ ಗೆಳೆಯ ಯೋನಾತಾನನ ಮಗ, 5 ವರ್ಷದವನಿದ್ದಾಗ ದಾದಿ ಎತ್ಕೊಂಡು ಓಡುವಾಗ ಬಿದ್ದು ಎರಡೂ ಕಾಲು ಹೋಗಿರುತ್ತೆ. ದಾವೀದ ರಾಜ ಅವನನ್ನ ಕರೆಸಿ, ಅಜ್ಜನ ಹೊಲ ವಾಪಸ್ ಕೊಟ್ಟು, ದಿನಾ ತನ್ನ ಪಂಕ್ತೀಲೇ ಊಟಕ್ಕೆ ಕೂರಿಸ್ಕೊಳ್ತಾನೆ. ಅಧ್ಯಾಯದ ಕೊನೇ ಸಾಲು ಓದು ಅಂದೆ. ಅವನ ಎರಡು ಕಾಲೂ ಕುಂಟೇ ಅಂತ ಮುಗಿಯುತ್ತೆ. ಗ್ರೇಸ್ ಬೆರಳಿಟ್ಟು ಎರಡು ಸಲ ಓದಿದ್ಲು. "ಮತ್ತ ದಾವೀದ ಪ್ರಾರ್ಥನಿ ಮಾಡ್ಲಿಲ್ಲೇನು?" "ಅದೇನೂ ಬರ್ದಿಲ್ಲ ಪುಟ್ಟಿ, ಜೊತೆಗೆ ಊಟ ಮಾಡಿದ್ದು ಬರ್ದಿದೆ."

ಅವಳಿಗೆ ಹೇಳಿದ್ದು ಇದು: ಅವನಿಗೋಸ್ಕರ ದೇವರ ಹತ್ರ ಕೇಳ್ಕೊಂಡಿದ್ದು ತಪ್ಪಲ್ಲ, ದೇವರ ಪರವಾಗಿ ನೀನೇ ಮಾತು ಕೊಟ್ಟೆಯಲ್ಲ, ಅದು ನಮ್ಮ ಕೈಲಿರೋದಲ್ಲ. ಇನ್ನು ಮನೇಲಿ ಹೇಳಬೇಡ ಅಂತ ಶುರುವಾಗೋ ಯಾವ ಪ್ರಾರ್ಥನೆನೂ ಬೇಡ. ಸೆರೆಬ್ರಲ್ ಪಾಲ್ಸಿ ಅಂದ್ರೇನು ಅಂತಾನೂ ಹೇಳಿದೆ, ಹುಟ್ಟೋ ಮುಂಚೆನೋ ಹುಟ್ಟುವಾಗಲೋ ಪುಟ್ಟ ಕೂಸಿದ್ದಾಗಲೋ ಮೆದುಳಿಗೆ ಪೆಟ್ಟಾಗಿ ಸ್ನಾಯುಗಳಿಗೆ ಆರ್ಡರ್ ಸರಿಯಾಗಿ ಹೋಗಲ್ಲ, ಸ್ಪ್ಲಿಂಟು ಫಿಸಿಯೋ ಬಿಟ್ರೆ ಕಾಲು ಇನ್ನೂ ಬಿಗಿಯುತ್ತೆ, ಅದಕ್ಕೇ ಅದನ್ನ ಬಿಚ್ಚಿಸೋದು ನಂಬಿಕೆ ಅಲ್ಲ ಅಂತ.

ವಿನಾಯಕನ ಮನೆಗೆ ಹೋಗೋಕೆ ಅವನ ತಾಯಿ ಒಪ್ಪಿದ್ರು, ಅದು ಅವರ ದೊಡ್ಡತನ. ಗ್ರೇಸ್ ತಾಯಿಗೆ ಮೊದಲೇ ಹೇಳಿದ್ದೆ, ಹೋದಾಗ ಕ್ಷಮೆ ಕೇಳಿ ಅಷ್ಟೇ, ಮಗು ಒಳ್ಳೇ ಮನಸ್ಸಿಂದ ಮಾಡಿದ್ಲು ಅಂತ ಸಮಜಾಯಿಷಿ ಕೊಡೋಕೆ ಹೋಗಬೇಡಿ. ಅವರು ಹಾಗೇ ಮಾಡಿದ್ರು. ನಾನು ವಿನಾಯಕನ ಪಕ್ಕ ಕೂತು, ಅವನ ಮಾತು ಮುಗಿಯೋವರೆಗೂ ಕಾದು (ಬಹಳ ಜನ ಅವನ ಮಾತನ್ನ ತಾವೇ ಮುಗಿಸಿಬಿಡ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ) ಕೇಳಿದೆ, ನಿಂಗೆ ಸಿಟ್ಟು ಬಂತೇನಪ್ಪಾ ಅಂತ. ಅವನು ಹೇಳಿದ್ದು: "ಅಕಿ ಬರೇ ನನ್ ಕಾಲಿಂದ ಪ್ರಾರ್ಥನಿ ಮಾಡ್ತಾಳ. ನಮ್ಮಜ್ಜಿ ಕಣ್ಣಿನ ಆಪರೇಷನ್ ಐತಿ, ಅದಕ್ಕ ಮಾಡು ಅಂದ್ರ ಮೊದ್ಲ ನಿನ್ ಕಾಲು ಅಂತಾಳ."

ಈ ಪ್ರಕರಣದ ತಿರುಳೇ ಅದು ಅಂತ ನನಗನ್ಸುತ್ತೆ. ಅವನಿಗೆ ಅಜ್ಜಿ ಚಿಂತೆ, ಇವಳಿಗೆ ಕಾಲಿನ ಚಿಂತೆ. ಅಷ್ಟು ವರ್ಷದ ಗೆಳೆಯ ಆ ಚಾರ್ಟ್ ಬಂದ ಮೇಲೆ ಬರೀ ಎರಡು ಕಾಲಾಗಿಬಿಟ್ಟಿದ್ದ. ಗ್ರೇಸ್‌ಗೆ ಕೊಟ್ಟ ಮುಖ್ಯ ಹೋಮ್‌ವರ್ಕು ಇಷ್ಟೇ, ಯಾರಿಗಾದ್ರೂ ಪ್ರಾರ್ಥನೆ ಮಾಡೋ ಮುಂಚೆ ಏನಕ್ಕೆ ಮಾಡ್ಲಿ ಅಂತ ಅವರನ್ನೇ ಕೇಳು, ಬೇಡ ಅಂದ್ರೆ ಬಿಡು. ನಂಬಿಕೆ ಬಗ್ಗೆ ಹೇಳಬೇಕು ಅನ್ಸಿದ್ರೆ ನಿನ್ನ ಮಾತಲ್ಲಿ ನಿನ್ನ ಬಗ್ಗೆ ಹೇಳು, ನಂಗೆ ಭಯ ಆದಾಗ ನಾನು ಹಿಂಗೆ ಪ್ರಾರ್ಥನೆ ಮಾಡ್ತೀನಿ ಅಂತ. ಅವನು ಮಠದ ಜಾತ್ರೆ, ತೇರಿನ ಬಗ್ಗೆ ಹೇಳಿದ್ರೆ ಅದನ್ನೂ ಕೂತು ಕೇಳು, ನಿಂದು ಒಂದೇ ಕಡೆ ರೇಡಿಯೋ ಆಗಬಾರದು.

ಸಭೆಯ ಅಯ್ನೋರ ಒಪ್ಪಿಗೆ ತಗೊಂಡು ಸಂಡೇ ಸ್ಕೂಲ್ ಟೀಚರ್‌ಗಳ ಜೊತೆನೂ ಮಾತಾಡಿದೆ. ಸ್ಟಾರ್ ಚಾರ್ಟ್ ತೆಗೀರಿ ಅಂದೆ, ಗೆಳೆತನಕ್ಕೆ ಮಾರ್ಕ್ಸ್ ಹಾಕೋದು ಮಕ್ಕಳಿಗೆ ಒಳ್ಳೇದಲ್ಲ. ಗುಣಪಡಿಸೋ ಕಥೆ ಹೇಳೋ ದಿನ ಕ್ಲಾಸಲ್ಲಿ ಯಾರು ಕೂತಿದಾರೆ ನೋಡ್ಕೊಳ್ಳಿ, ಅದ್ರ ಜೊತೆಗೇ ಮೆಫೀಬೋಶೆತನ ಕಥೆನೂ ಹೇಳಿ. ಬುದ್ಧಿ ಬೆಳವಣಿಗೆ ನಿಧಾನ ಇರೋ ಮಕ್ಕಳ ವಿಷಯದಲ್ಲಿ ಇನ್ನೂ ಜೋಪಾನ, ಅವರಲ್ಲಿ ತುಂಬಾ ಜನ ಇಷ್ಟವಾದೋರು ಏನ್ ಕೇಳಿದ್ರೂ ಹೂಂ ಅಂತಾರೆ, ಆ ಹೂಂ ಅನ್ನ ಒಪ್ಪಿಗೆ ಅಂತ ಲೆಕ್ಕ ಹಿಡೀಬೇಡಿ. ಸಭೇದೇ ಮಕ್ಕಳಾದ್ರೆ ಚಿಕ್ಕ ಚಿಕ್ಕ ವಾಕ್ಯ, ಚಿತ್ರ, ಅದೇ ಹಾಡು ಮತ್ತೆ ಮತ್ತೆ, ಕಾಣಿಕೆ ಚೀಲ ಹಿಡಿಯೋ ಕೆಲಸ ಕೊಡಿ. ಒಬ್ಬ ಟೀಚರ್ ಅಂದ್ರು, ನಮ್ಮಲ್ಲಿ ಅಂಥ ಮಕ್ಕಳೇ ಬರಲ್ಲ ಮೇಡಂ ಅಂತ. ಚರ್ಚ್ ಬಾಗಿಲಿಗೆ ಎತ್ತರದ ಕಲ್ಲಿನ ಮೆಟ್ಟಿಲು, ರ‍್ಯಾಂಪ್ ಇಲ್ಲ, ಹೆಂಗೆ ಬರ್ತಾರೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿದೆ, ಒಂದು ಸಭೇಲಿ ಅಷ್ಟರಲ್ಲಿ ಒಂದೂ ಇಲ್ಲ ಅಂದ್ರೆ ನಂಬೋಕಾಗಲ್ಲ, ಅವರು ಮನೇಲಿದಾರೆ ಅಷ್ಟೇ.

ಈಗ ಗ್ರೇಸ್ ಊಟ ನಿದ್ದೆ ಸುಧಾರಿಸಿದೆ. ಸಂಡೇ ಸ್ಕೂಲಿಗೆ ಹೋಗ್ತಿದಾಳೆ, ಬಲವಂತ ಬೇಡ ಅಂದಿದೀನಿ. ಇಬ್ರೂ ಮತ್ತೆ ಕೇರಂ ಆಡ್ತಿದಾರೆ, ವರಾಂಡದಲ್ಲಿ, ದೊಡ್ಡೋರ ಕಣ್ಣೆದುರಿಗೆ. ವಿನಾಯಕನ ತಂದೆ ಹಾಕಿದ ಷರತ್ತು ಎರಡು, ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿ) ತಿನ್ನೋಕೆ ಕಳಿಸ್ತೀವಿ, ಚರ್ಚಿಗೆ ಬ್ಯಾಡ. ಗ್ರೇಸ್ ತಾಯಿಗೆ ಸ್ವಲ್ಪ ಬೇಜಾರು, "ಎಷ್ಟ್ ದಿನಾ ಹಿಂಗ ಬಾಯಿ ಮುಚ್ಕೊಂಡಿರೂದ್ರಿ ಮೇಡಂ, ಅವ್ನ ಕೇಳಿದ್ರ?" ಅಂದ್ರು. ಅವನು ಕೇಳಿದ್ರೆ ಗ್ರೇಸ್ ಉತ್ತರ ಹೇಳಲಿ, ಅವರಮ್ಮನ ಎದುರಿಗೇ ಹೇಳಲಿ. ಚರ್ಚಿನ ವಿಷಯ ಮಾತ್ರ ಅವರ ತಂದೆದು, ದೊಡ್ಡವನಾದ ಮೇಲೆ ಅವನದ್ದು.