ಒಂದೇ ಬರ್ನರ್‌ನಲ್ಲಿ ಹಳದಿ ಉರಿ, ಪಾತ್ರೆ ತಳ ಕಪ್ಪು: ರೆಗ್ಯುಲೇಟರ್ ಬದಲಿಸಬೇಕಾ?

ರೆಗ್ಯುಲೇಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದು ಕೆಟ್ಟಿದ್ದರೆ ಎರಡೂ ಬರ್ನರ್ ಕೈಕೊಡುತ್ತಿದ್ದವು, ಅಲ್ವಾ? ಮಳೆಗಾಲವಿಡೀ ಚಿಕ್ಕಮಗಳೂರಿನ ಮನೆಗೆ ಬೀಗ ಹಾಕಿತ್ತು ಅಂತೀರಿ, ಹಾಗಾದರೆ ಬಹುಶಃ ಬರ್ನರ್ ಕೆಳಗಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿದೆ, ಗ್ಯಾಸ್ ಜೊತೆ ಸೇರಬೇಕಾದ ಗಾಳಿ ಸರಿಯಾಗಿ ಸೇರುತ್ತಿಲ್ಲ, ಅದಕ್ಕೇ ಈ ಮಸಿ.

ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಒಲೆ ತಣ್ಣಗಾಗಲಿ. ಬರ್ನರ್ ತಲೆಗಳನ್ನು ಬಿಸಿ ಸೋಪುನೀರಿನಲ್ಲಿ ನೆನೆಸಿ, ತೂತುಗಳನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಪೂರ್ತಿ ಒಣಗಬೇಕು, ನಮ್ಮೂರ ಥಂಡಿಯಲ್ಲಿ ಅದು ಸುಲಭವಲ್ಲ, ಫ್ಯಾನ್ ಕೆಳಗಿಡಿ. ಕೊಳವೆಯೊಳಗೆ ಬಾಟಲ್ ತೊಳೆಯುವ ಸಣ್ಣ ಬ್ರಷ್ ತಿರುಗಿಸಿ.

ಹಾಗೂ ಸರಿಹೋಗದಿದ್ದರೆ, ಎರಡೂ ತಲೆ ಒಂದೇ ಅಳತೆಯವಾದರೆ ಅದಲುಬದಲು ಮಾಡಿ ಹಚ್ಚಿ. ಹಳದಿ ಉರಿ ತಲೆಯ ಜೊತೆಗೇ ಹೋದರೆ ಹೊಸ ತಲೆ ತನ್ನಿ, ಸಾಕು. ಇದ್ದಲ್ಲೇ ಉಳಿದರೆ ತೊಂದರೆ ಕೊಳವೆಯದು ಅಥವಾ ಜೆಟ್‌ನದು, ಅಂದರೆ ಕೊಳವೆಯೊಳಕ್ಕೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಬಿಡಿಭಾಗದ್ದು. ಜೆಟ್‌ಗೆ ಪಿನ್ ಚುಚ್ಚಲೇಬೇಡಿ, ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬಂದು ಇನ್ನೂ ಹಾಳು. ಅದನ್ನು ಗ್ಯಾಸ್ ಏಜೆನ್ಸಿ ಮೆಕ್ಯಾನಿಕ್‌ಗೆ ಬಿಡಿ. ಅದಲುಬದಲು ಮಾಡಿ ಕಂಡದ್ದನ್ನು ಅವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಒಲೆಯನ್ನೇ ಬದಲಿಸಿ ಅಂದಾರು.

ಇಷ್ಟರ ಮಧ್ಯೆ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.